ಎಡಗಣ್ಣಿನ ಪರದೆ ಆರಿದ ದಿನ

ಲಾರಿಯಿಂದ ಪೆಟ್ಟಿಗೆಗಳನ್ನು ಇಳಿಸುವಾಗ ಹಮಾಲಿಯೊಬ್ಬ, "ಇದರಾಗ ಏನ್ ಐತ್ರೀ ಅಕ್ಕಾರ, ಟಿವಿಯೇನು?" ಎಂದು ಕೇಳಿದ. ಹೌದು ಅಂದುಬಿಟ್ಟೆ. ತಲೆಗೆ ಹಾಕಿಕೊಳ್ಳುವ ಟಿವಿ ಎಂದು ಬಿಡಿಸಿ ಹೇಳಲು ಹೋಗಿದ್ದರೆ ಲಿಂಗಸುಗೂರಿನ ಆಷಾಢದ ಗಾಳಿಯಲ್ಲಿ ಬಾಯ್ತುಂಬ ಮಣ್ಣು ತಿನ್ನುತ್ತ ನಿಲ್ಲಬೇಕಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬ ಪ್ರೊಫೆಸರರ ಕೈಕೆಳಗಿದ್ದೆ. ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಬರೆದ ಚಿತ್ರದೊಳಗೆ ತಾನೇ ನಿಂತಿದ್ದೇನೆ ಎಂದು ನೋಡುವವನಿಗೆ ಅನಿಸುವಂತೆ ಮಾಡುವ ವಿದ್ಯೆ, ಆಗಿನ್ನೂ ಹೊಸದು. ಅದಕ್ಕೆ ಬಗೆಬಗೆಯ ಉಪಕರಣಗಳು ಬಂದಿದ್ದವು. ಕ್ರೇನ್ ನಡೆಸುವುದನ್ನು ಕಲಿಸಲು ಅವುಗಳಲ್ಲಿ ಯಾವುದು ಹೊಂದುತ್ತದೆ ಎಂದು ಹೋಲಿಸಿ ನೋಡುವುದು ನಮ್ಮ ಕೆಲಸ. ವಿದ್ಯಾರ್ಥಿಗಳನ್ನು ಕೂರಿಸಿ ಪ್ರಯೋಗ ಮಾಡಿ ಪ್ರೊಫೆಸರರಿಗೆ ಸಾಕಾಗಿತ್ತು. ದಿನವೂ ಕ್ರೇನ್ ನಡೆಸುವವರೇ ಬೇಕು ಅಂದರು. ನಮ್ಮೂರ ಕಡೆ ಕಲ್ಲಿನ ಕ್ವಾರಿಗಳಿವೆ ಎಂದು ಬಾಯಿಬಿಟ್ಟವಳು ನಾನೇ. ಹಾಗಾಗಿ ಸಾಮಾನಿನ ಜೊತೆ ನನ್ನನ್ನೂ ಲಾರಿಗೆ ಹತ್ತಿಸಿದರು.

ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಲಿಂಗಸುಗೂರಿನ ಒಂದು ಕಲ್ಯಾಣ ಮಂಟಪ ಸುಲಭವಾಗಿ ಸಿಕ್ಕಿತು. ಮಸ್ಕಿಯ ಹತ್ತಿರದ ಒಂದು ಗ್ರಾನೈಟ್ ಕ್ವಾರಿಯ ಸಾವ್ಕಾರರು ತಮ್ಮ ಮೂವರು ಆಪರೇಟರುಗಳನ್ನು ಸರದಿಯ ಮೇಲೆ ಜೀಪಿನಲ್ಲಿ ಕಳಿಸಲು ಒಪ್ಪಿದ್ದರು. ಅಷ್ಟು ಸಲೀಸಾಗಿ ಯಾಕೆ ಒಪ್ಪಿದರು ಎಂದು ನಾವು ಕೇಳಲಿಲ್ಲ. ಚಿತ್ರ ಬರೆಯಲು ಅಳತೆ, ಫೋಟೋ ತೆಗೆದುಕೊಳ್ಳಲೆಂದು ಕ್ವಾರಿಗೆ ಹೋದ ದಿನ ಅವರೇ ಹೇಳಿದರು.

"ಹೊಸ ಕ್ರೇನ್ ಬರಾಕತ್ತೈತ್ರೀ. ಅದು ಬಂದ ಮ್ಯಾಲ ಹಳೇದನ್ನ ಬಿಚ್ಚತೀವಿ, ಇಬ್ಬರು ಆಪರೇಟರ್ ಸಾಕು. ಯಾರನ್ನ ಬಿಡಿಸಬೇಕಂತ ನನಗ ತಿಳಿವಲ್ದು. ನಿಮ್ಮ ಮಷಿನ್‌ನ್ಯಾಗ ಯಾರು ಹಿಂದ ಬೀಳ್ತಾರ, ಅವರನ್ನ ಬಿಡಿಸ್ತೀನಿ. ನನಗೂ ಬ್ಯಾನಿ ಇಲ್ಲ, ಅವರಿಗೂ ಬ್ಯಾನಿ ಇಲ್ಲ."

"ಇದು ಉಪಕರಣದ ಪರೀಕ್ಷೆ, ಜನರ ಪರೀಕ್ಷೆ ಅಲ್ಲ ಸ್ವಾಮಿ" ಎಂದರು ಪ್ರೊಫೆಸರರು.

"ಎರಡೂ ಒಮ್ಮೆಲೆ ಆಗ್ಲಿ ಬಿಡ್ರೀ" ಎಂದು ಸಾವ್ಕಾರರು ನಕ್ಕರು. ನಾವು ನಗಲಿಲ್ಲ, ಆದರೆ ಸಾಮಾನು ಕಟ್ಟಿಕೊಂಡು ವಾಪಸ್ ಹೊರಡಲೂ ಇಲ್ಲ.

ಆ ಮೂವರಲ್ಲಿ ಹಿರಿಯರು ಐವತ್ತು ದಾಟಿದ ಮುಸ್ಲಿಂ ಆಪರೇಟರ್. ಕ್ವಾರಿಯಲ್ಲಿ ಎಲ್ಲರಿಗೂ ಅವರು ಚಾಚಾ, ನನಗೂ ಚಾಚಾ ಆದರು. ಅಂದು ಡೆರಿಕ್ ಕ್ರೇನಿನ ಮೇಲೆ ಕೂತವರು ಅವರೇ. ಎತ್ತರದ ಕಂಬ, ಅದರ ಬುಡದಿಂದ ಚಾಚಿದ ಉದ್ದನೆಯ ತೋಳು, ತೋಳಿನ ತುದಿಯಿಂದ ಇಳಿಬಿದ್ದ ಉಕ್ಕಿನ ಹಗ್ಗ, ಹಗ್ಗದ ಕೊಕ್ಕೆಯಲ್ಲಿ ತೂಗುವ ಕಲ್ಲು. ಆ ಕಲ್ಲನ್ನು ಲಾರಿಯ ಮೇಲಿಟ್ಟ ಎರಡು ಮರದ ತೊಲೆಗಳ ಮೇಲೆ ಸದ್ದಾಗದಂತೆ ಕೂರಿಸಬೇಕು. ಚಾಚಾ ಲಿವರ್ ಹಿಡಿದು, ಪಾರಿವಾಳದ ಹಾಗೆ ಕತ್ತನ್ನು ಅತ್ತಿತ್ತ ಆಡಿಸುತ್ತ ಕಲ್ಲು ಇಳಿಸಿದರು. ಕೆಂಪು ಬಟ್ಟೆ ಬೀಸಿ ಸಿಗ್ನಲ್ ಕೊಡುವವನು ತೋಳು ತಿರುಗಿದಾಗೆಲ್ಲ ಓಡಿಹೋಗಿ ಚಾಚಾರ ಬಲಕ್ಕೇ ನಿಲ್ಲುತ್ತಿದ್ದ. ಯಾಕೆಂದು ಕೇಳಿದೆ. "ಹಂಗ ರೂಢಿ ರೀ" ಎಂದ. ನಾನು ಚಿತ್ರದಲ್ಲೂ ಅವನನ್ನು ಬಲಕ್ಕೇ ನಿಲ್ಲಿಸಿದೆ.

ನಮ್ಮ ಬಳಿ ಹೋಲಿಸಲು ಎರಡು ಬಗೆಯ ಉಪಕರಣಗಳಿದ್ದವು. ಮೊದಲನೆಯದು ಶಟರ್ ಕನ್ನಡಕ. ಎದುರಿಗೊಂದು ದೊಡ್ಡ ಮಾನಿಟರ್, ಅದರಲ್ಲಿ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಒಂದರ ಹಿಂದೊಂದು ಕಣ್ಣಿಗೆ ನಿಲುಕದ ವೇಗದಲ್ಲಿ ಬದಲಾಗುತ್ತವೆ. ಅದೇ ತಾಳಕ್ಕೆ ಕನ್ನಡಕದ ಗಾಜುಗಳೂ ಒಂದಾದ ಮೇಲೊಂದು ಕಪ್ಪಾಗುತ್ತವೆ. ಹೀಗೆ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ತಲುಪಿ, ಕಲ್ಲು ಮುಂದೆ, ಲಾರಿ ಹಿಂದೆ ಎಂಬ ಆಳ ಕಾಣಿಸುತ್ತದೆ. ಚಿತ್ರ ಬಹಳ ಸ್ಪಷ್ಟ. ಆದರೆ ಅದು ಒಂದು ಜಾಗದಿಂದ ನೋಡಿದಾಗ ಮಾತ್ರ ಸರಿ. ಆದ್ದರಿಂದ ತಲೆ ಅಲುಗದಿರಲಿ ಎಂದು ಕಣ್ಣಿನ ಡಾಕ್ಟರರ ಬಳಿ ಇರುವಂಥ ಗದ್ದ ಊರುವ ಒಂದು ಸ್ಟ್ಯಾಂಡ್ ಮಾಡಿಸಿದ್ದೆವು.

ಎರಡನೆಯದು ತಲೆಗೆ ಹಾಕುವ ಪರದೆ. ಹೆಲ್ಮೆಟ್ಟಿನಂಥದು, ಒಳಗೆ ಒಂದೊಂದು ಕಣ್ಣಿಗೆ ಒಂದೊಂದು ಪುಟ್ಟ ಪರದೆ. ಚಿತ್ರ ಒರಟು, ಚುಕ್ಕೆ ಚುಕ್ಕೆ ಕಾಣುತ್ತದೆ. ಆದರೆ ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಪಕ್ಕದಲ್ಲಿಟ್ಟ ಒಂದು ಪೆಟ್ಟಿಗೆ ಕಾಂತಕ್ಷೇತ್ರ ಹರಡುತ್ತದೆ, ಹೆಲ್ಮೆಟ್ಟಿನ ಮೇಲಿನ ಗ್ರಾಹಕ, ಅಂದರೆ ಸೆನ್ಸರ್, ಅದನ್ನು ಹಿಡಿದು, ತಲೆ ಎಲ್ಲಿದೆ, ಎತ್ತ ವಾಲಿದೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಇದನ್ನು ಟ್ರ್ಯಾಕರ್ ಅನ್ನುತ್ತಿದ್ದೆವು.

ಕಲ್ಯಾಣ ಮಂಟಪದಲ್ಲಿ ಇಂಥದ್ದನ್ನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಆಪರೇಟರುಗಳ ಜೊತೆ ಬಂದಿದ್ದ ಸಿಗ್ನಲಿನವನು ಹೆಲ್ಮೆಟ್ಟಿಗೆ ಬಾಸಿಂಗ ಎಂದು ಹೆಸರಿಟ್ಟ. "ನಮ್ಮ ಮಂದ್ಯಾಗ ಸೆಹರಾ ಅಂತಾರಪಾ. ಈ ವಯಸ್ಸಿನ್ಯಾಗ ಕಟ್ಟಿಕೊಂಡೀನಿ ಅಂತ ಮನಿಯಾಗ ಮಾತ್ರ ಹೇಳಬ್ಯಾಡ" ಎಂದರು ಚಾಚಾ.

ಮೊದಲ ಪೆಟ್ಟು ಟ್ರ್ಯಾಕರಿನಿಂದಲೇ ಬಿತ್ತು. ತಲೆ ನೆಟ್ಟಗಿದ್ದರೂ ಚಿತ್ರದ ಕ್ವಾರಿ ಒಂದು ಕಡೆಗೆ ವಾಲಿಕೊಳ್ಳುತ್ತಿತ್ತು. ನಾನು ಪ್ರೋಗ್ರಾಮನ್ನು ಮೇಲಿಂದ ಕೆಳಗೆ ತಡಕಿ, ಪ್ರೊಫೆಸರರ ಮೇಲೆ ಸಿಡುಕಿ, ಕೊನೆಗೆ ನೋಡಿದರೆ ಆ ಪೆಟ್ಟಿಗೆಯನ್ನು ಮಂಟಪದವರ ಕಬ್ಬಿಣದ ಮೇಜಿನ ಮೇಲೆ ಇಟ್ಟಿದ್ದೆವು. ಕಬ್ಬಿಣ ಕಾಂತಕ್ಷೇತ್ರವನ್ನು ತಿರುಚುತ್ತದೆ ಎಂದು ಪಾಠ ಮಾಡುವವರು ನಾವು. ಮರದ ಮೇಜು ತಂದರೆ ಅದರಲ್ಲೂ ಮೊಳೆ. ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ, ಅಂದರೆ ನಿರಾಶ್ರಿತರಾಗಿ ಬಂದ ಬಂಗಾಲಿಗಳ ವಸತಿಯಲ್ಲಿ, ಒಬ್ಬ ಬಡಗಿ ಮೊಳೆ ಹೊಡೆಯದೆ ಬಿದಿರಿನ ಗೂಟದಲ್ಲೇ ಮಂಚ ಕೂಡಿಸುತ್ತಾನೆ ಎಂದು ಚಾಚಾ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ರಜೆಯ ದಿನ ತಾವೇ ನನ್ನ ಜೊತೆ ಬಸ್ ಹತ್ತಿದರು. ಬಡಗಿ ಮಾಡಿಕೊಟ್ಟ ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟ ಮೇಲೆ ಕ್ವಾರಿ ನೆಟ್ಟಗೆ ನಿಂತಿತು. ಆ ಸ್ಟೂಲು ಈಗಲೂ ನನ್ನ ಅಡುಗೆಮನೆಯಲ್ಲಿದೆ, ಒಂದು ಕಾಲೂ ಅಲ್ಲಾಡಿಲ್ಲ.

ಪರೀಕ್ಷೆ ಶುರುವಾಯಿತು. ಕೆಲಸ ಒಂದೇ: ಚಿತ್ರದ ಕಲ್ಲನ್ನು ಚಿತ್ರದ ಲಾರಿಯ ತೊಲೆಗಳ ಮೇಲೆ ಕೂರಿಸುವುದು. ಎಷ್ಟು ಆಚೀಚೆ ಆಯಿತು ಎಂದು ಕಂಪ್ಯೂಟರ್ ಅಳೆದು, ಒಬ್ಬೊಬ್ಬರ ಲೆಕ್ಕವನ್ನೂ ಮಾನಿಟರಿನ ಮೇಲೆ ಗೆರೆಯಾಗಿ ತೋರಿಸುತ್ತಿತ್ತು. ಶಟರ್ ಕನ್ನಡಕದಲ್ಲಿ ಉಳಿದ ಇಬ್ಬರು ಆಪರೇಟರುಗಳು ಚೆನ್ನಾಗಿಯೇ ಮಾಡಿದರು. ಚಾಚಾರ ಕಲ್ಲು ಮಾತ್ರ ಒಮ್ಮೆ ಲಾರಿಯ ಆಚೆ, ಒಮ್ಮೆ ಡ್ರೈವರನ ತಲೆಯ ಮೇಲೆ. ಗದ್ದವನ್ನು ಸ್ಟ್ಯಾಂಡಿನಿಂದ ಮತ್ತೆ ಮತ್ತೆ ಎತ್ತುತ್ತಿದ್ದರು. "ಚಾಚಾ, ತಲೆ ಅಲುಗಿಸಬೇಡಿ" ಎಂದು ನಾನು ಮತ್ತೆ ಮತ್ತೆ ಗದರುತ್ತಿದ್ದೆ. ಹೆಲ್ಮೆಟ್ಟಿನಲ್ಲಿ ತಲೆ ಅಲುಗಿಸಬಹುದಿತ್ತು, ಆದರೆ ನಮ್ಮ ಕಂಪ್ಯೂಟರಿಗೆ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಬರೆಯುವಷ್ಟರಲ್ಲಿ ಏದುಸಿರು. ತಲೆ ತಿರುಗಿ ನಿಂತಮೇಲೆ ಚಿತ್ರ ನಿಧಾನವಾಗಿ ಹಿಂದಿನಿಂದ ಬರುತ್ತಿತ್ತು. ಇಬ್ಬರು ಆಪರೇಟರುಗಳಿಗೆ ಹೊಟ್ಟೆ ತೊಳಸಿತು, ಒಬ್ಬ ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡ. ಚಾಚಾ ಅಲ್ಲೂ ಹಿಂದೆಯೇ ಬಿದ್ದರು.

ಜೀಪಿನ ಜೊತೆ ಬಂದಿದ್ದ ಸಾವ್ಕಾರರ ಮಗ ಮಾನಿಟರಿನ ಮೇಲಿನ ಗೆರೆಗಳನ್ನು ನೋಡಿ, "ಚಾಚಾಂದು ಮುಗೀತು ಬಿಡ್ರೀ" ಎಂದು ಎಲ್ಲರೆದುರು ಅಂದ. ಚಾಚಾ ಕೇಳಿಸದವರಂತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕ್ವಾರಿಯಲ್ಲಿ ಆ ಮನುಷ್ಯ ಕಲ್ಲನ್ನು ಕೂಸಿನಂತೆ ಇಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅದು ಸುಳ್ಳೋ, ನಮ್ಮ ಯಂತ್ರ ಸುಳ್ಳೋ?

ಗಾಳಿಯ ಮಣ್ಣು ಹೆಲ್ಮೆಟ್ಟಿನ ಒಳಗೂ ಸೇರುತ್ತಿತ್ತು. ಒಂದು ಮುಂಜಾನೆ ಅದನ್ನು ಬಿಚ್ಚಿ, ಬ್ರಷ್ಷಿನಿಂದ ಒರೆಸಿ, ಮತ್ತೆ ಮುಚ್ಚಿದೆ. ಆ ದಿನ ಮೊದಲು ಕೂತವರು ಚಾಚಾ. ಎಂದಿನಂತೆ ಕಲ್ಲು ಇಳಿಸಿದರು, ಎಂದಿನಂತೆ ತಪ್ಪಾಯಿತು, ಎದ್ದುಹೋದರು. ಅವರ ನಂತರ ಬಂದವನು ಹೆಲ್ಮೆಟ್ ಹಾಕಿದವನೇ, "ಮೇಡಮ್ಮಾರ, ಎಡಗಡಿ ಏನೂ ಕಾಣವಲ್ದು, ಕತ್ತಲ ಐತಿ" ಎಂದ.

ಬಿಚ್ಚಿ ನೋಡಿದೆ. ಎಡಗಣ್ಣಿನ ಪರದೆಯ ಕೇಬಲ್ಲನ್ನು ನಾನು ಸರಿಯಾಗಿ ಒತ್ತಿರಲಿಲ್ಲ. ಒಂದು ಪರದೆ ಪೂರ್ತಿ ಆರಿತ್ತು. ಚಾಚಾ ಅಷ್ಟು ಹೊತ್ತು ಅದನ್ನೇ ಹಾಕಿಕೊಂಡು ಕೂತಿದ್ದರು, ಒಂದು ಮಾತೂ ಹೇಳಿರಲಿಲ್ಲ.

ಮಂಟಪದ ಹಿಂದೆ ಅಡುಗೆಯ ಶೆಡ್ಡಿನಲ್ಲಿ ಅವರು ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಕೂತೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಚಾಚಾ, ಎಡಗಣ್ಣು ಕಾಣಿಸಂಗಿಲ್ಲೇನು?"

ಲೋಟ ಕೆಳಗಿಟ್ಟರು. "ಬೆಳಕು ಕಾಣ್ತೈತಿ ಬೇಟಿ. ಮಂದಿ ಕಾಣಂಗಿಲ್ಲ."

"ಯಾವಾಗಿನಿಂದ?"

"ಕಲ್ಲು ಒಡಿಯೋ ಕೆಲಸಕ್ಕಿದ್ದಾಗ ಚಕ್ಕಿ ಸಿಡಿದು ಕಣ್ಣಿಗೆ ಬಡೀತು. ಆಗಿನ್ನೂ ಮದುವಿ ಆಗಿರಲಿಲ್ಲ. ಡೆರಿಕ್ ಹತ್ತಿದ್ದು ಆಮ್ಯಾಲ." ನನ್ನ ಕಡೆ ತಿರುಗಿದರು. ಹಾಗೆ ತಿರುಗುವಾಗ ಮುಖವಷ್ಟೇ ಅಲ್ಲ, ಹೆಗಲೂ ತಿರುಗುತ್ತದೆ ಎಂಬುದು ಆಗ ನನ್ನ ಗಮನಕ್ಕೆ ಬಂತು. "ಸಾವ್ಕಾರಗ ಹೇಳಬ್ಯಾಡ. ಈ ಕುರ್ಚಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ."

ಸಿಟ್ಟು ಬಂತು. ಅವರ ಮೇಲೆ, ಸಾವ್ಕಾರರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಗದ್ದದ ಸ್ಟ್ಯಾಂಡಿನ ಮೇಲೆ. ಎರಡು ಕಣ್ಣಿನವರಿಗೆ ಆಳ ತಾನಾಗಿ ಕಾಣುತ್ತದೆ. ಒಂದೇ ಕಣ್ಣಿನವರು ತಲೆ ಅತ್ತಿತ್ತ ಆಡಿಸಿ ಅದನ್ನು ಕಂಡುಕೊಳ್ಳುತ್ತಾರೆ. ಹತ್ತಿರದ ವಸ್ತು ಹೆಚ್ಚು ಸರಿದಂತೆ ಕಾಣುತ್ತದೆ, ದೂರದ್ದು ಕಡಿಮೆ. ಕ್ವಾರಿಯಲ್ಲಿ ಚಾಚಾ ಕತ್ತು ಆಡಿಸುತ್ತಿದ್ದುದು ಅದಕ್ಕೇ. ನಾವು ಮೊದಲ ಉಪಕರಣದಲ್ಲಿ ಅವರ ಕತ್ತು ಹಿಡಿದಿಟ್ಟಿದ್ದೆವು. ಎರಡನೆಯದರಲ್ಲಿ ಕತ್ತು ಬಿಟ್ಟಿದ್ದೆವು, ಆದರೆ ಚಿತ್ರ ಸಮಯಕ್ಕೆ ಬರುತ್ತಿರಲಿಲ್ಲ.

ಪ್ರೊಫೆಸರರಿಗೆ ಹೇಳಲೇಬೇಕು, ಅವರ ಹೊರತು ಯಾರಿಗೂ ಹೇಳುವುದಿಲ್ಲ ಅಂದೆ. ಚಾಚಾ ತಲೆಯಾಡಿಸಿದರು.

ಪ್ರೊಫೆಸರರು ಕೇಳಿಸಿಕೊಂಡು, "ಗೊತ್ತಿದ್ದೂ ನಾವು ಸುಮ್ಮನಿದ್ದು, ನಾಳೆ ಯಾರಾದರೂ ಕಲ್ಲಿನ ಕೆಳಗೆ ಸಿಕ್ಕರೆ?" ಎಂದರು. ಅದಕ್ಕೆ ಉತ್ತರದ ಅರ್ಧ ಭಾಗ ಇದ್ದದ್ದು ಸಿಗ್ನಲಿನವನ ಬಳಿ. ಚಾಚಾರೇ ಅವನನ್ನು ಕರೆತಂದು, "ಹೇಳಪಾ, ಇವ್ರಿಗೆ ಗೊತ್ತಾಗೈತಿ" ಅಂದರು.

"ಅವರ ಎಡಕ್ಕ ನಾವು ಯಾರೂ ಹೋಗಂಗಿಲ್ರೀ" ಎಂದ ಅವನು. "ಹೊಸಬ ಕೆಲಸಕ್ಕ ಬಂದ್ರ ಮೊದಲನೇ ದಿನಾನ ಅಷ್ಟು ಹೇಳಿಬಿಡ್ತೀವಿ. ನಾ ಬಲಕ್ಕ ನಿಂತು ಬಟ್ಟಿ ತೋರಿಸಿದ ಮ್ಯಾಲನ ಕಲ್ಲು ಏಳತೈತಿ. ಎರಡು ಕಣ್ಣಿನವರ ಪಾಳಿಯಾಗ ಕಲ್ಲು ಬಡಿಸಿಕೊಂಡವರು ಅದಾರ, ಚಾಚಾನ ಪಾಳಿಯಾಗ ಯಾರೂ ಇಲ್ಲ."

ರೂಢಿ ಎಂದು ಅವನು ಅಂದು ಹೇಳಿದ್ದರ ಹಿಂದೆ ಇಡೀ ಕ್ವಾರಿಯ ಮಂದಿ ನಿಂತಿದ್ದರು.

ಆ ಮಧ್ಯಾಹ್ನ ಕರೆಂಟು ಹೋದಾಗ ಮಂಟಪದ ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಿದ್ದೆ. ಚಾಚಾರ ಮಟ್ಟಿಗೆ ಎಡಗಡೆಯ ಚಿತ್ರ ಬರೆಯುವುದೇ ದಂಡ. ಹಾಗಾದರೆ ಬರೆಯದೆ ಬಿಟ್ಟರೆ? ಕಂಪ್ಯೂಟರಿನ ಕೆಲಸ ಅರ್ಧವಾಗುತ್ತದೆ. ಅಂದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಚಿತ್ರ ಬರೆಯಬಹುದು, ತಲೆ ತಿರುಗಿದ ಕೂಡಲೇ ಚಿತ್ರ ಹಿಂಬಾಲಿಸುತ್ತದೆ. ಎದ್ದುಹೋಗಿ ಪ್ರೊಫೆಸರರಿಗೆ ಹೇಳಿದೆ.

"ಒಂದು ಕಣ್ಣಿನ ವರ್ಚುವಲ್ ರಿಯಾಲಿಟಿ ಎಂದರೆ ಜನ ನಗುತ್ತಾರಮ್ಮ" ಎಂದರು. "ಎರಡು ಕಣ್ಣಿಗೂ ಆಳ ತೋರಿಸುವುದೇ ಇದರ ಹೆಗ್ಗಳಿಕೆ. ಅದನ್ನೇ ತೆಗೆದರೆ ಉಳಿಯುವುದೇನು? ಇಷ್ಟು ದಿನದ ಪರೀಕ್ಷೆಯನ್ನೂ ಮೊದಲಿಂದ ಮಾಡಬೇಕಾಗುತ್ತದೆ."

"ಒಂದು ಸಲ ನೀವೇ ಹಾಕಿಕೊಂಡು ನೋಡಿ ಸರ್."

ಕರೆಂಟು ಬಂದ ಮೇಲೆ ಪ್ರೋಗ್ರಾಮು ತಿದ್ದಿದೆ. ಬರೆದವಳೇ ನಾನಾದ್ದರಿಂದ ಎಲ್ಲಿ ಕತ್ತರಿಸಬೇಕೆಂದು ಗೊತ್ತಿತ್ತು. ಪ್ರೊಫೆಸರರು ಹೆಲ್ಮೆಟ್ ಹಾಕಿಕೊಂಡು ತಲೆಯನ್ನು ಎಡಕ್ಕೆ, ಬಲಕ್ಕೆ ಆಡಿಸಿದರು, ಬಗ್ಗಿದರು, ಕೂತರು, ಎದ್ದರು. ಹೊರಗೆ ತೆಗೆದಾಗ ಅವರ ಕೂದಲೆಲ್ಲ ಕೆದರಿತ್ತು. "ಮೊದಲಿಂದ ಮಾಡೋಣ" ಎಂದರು. ಅವರ ಹೆಸರಿಗೆ, ಅವರ ಹಣಕ್ಕೆ ಲೆಕ್ಕ ಕೇಳುವವರಿದ್ದರು. ಆದರೂ ತಮ್ಮ ಸಹಾಯಕಿಯ ಒಂದು ಮಾತಿಗೆ ಆಗಿಹೋದ ಕೆಲಸವನ್ನೆಲ್ಲ ಬದಿಗಿಟ್ಟರು. ಆ ಋಣ ದೊಡ್ಡದು.

ಮೂವರನ್ನೂ ಮತ್ತೆ ಕೂರಿಸಿದೆವು. ಒಂದೇ ಪರದೆ ಸಾಕೆಂದು ಎಡಗಡೆಯದನ್ನು ಆರಿಸಿದಾಗ ಉಳಿದ ಇಬ್ಬರು ಕತ್ತಲೆ ಎಂದು ಗೊಣಗಿದರು. ಆಮೇಲೆ ಬಲಗಣ್ಣಿನ ಚಿತ್ರವನ್ನೇ ಎರಡೂ ಪರದೆಗೆ ಕೊಟ್ಟೆ, ಗೊಣಗಾಟ ನಿಂತಿತು. ಹೊಟ್ಟೆ ತೊಳಸುವುದೂ ನಿಂತಿತು. ಅವರ ಕಲ್ಲುಗಳು ಮೊದಲಿಗಿಂತ ನೆಟ್ಟಗೆ ಇಳಿದವು. ಚಾಚಾ ಹೆಲ್ಮೆಟ್ ಹಾಕಿಕೊಂಡು ಕತ್ತು ಆಡಿಸಿ ನೋಡಿದರು, ಚಿತ್ರ ಜೊತೆಗೇ ಬಂತು. "ಹಾಂ, ಈಗ ಕ್ವಾರಿ ಬಂತು ನೋಡು" ಎಂದವರೇ ಲಿವರ್ ಹಿಡಿದರು. ಕಲ್ಲು ಎರಡು ತೊಲೆಗಳ ಮೇಲೆ ಹೋಗಿ ಕೂತಿತು. ಮತ್ತೆ ಇಟ್ಟರು, ಮತ್ತೆ ಕೂತಿತು. ನಾನು ನಾಚಿಕೆ ಬಿಟ್ಟು ಅತ್ತೆ.

ಹೋಲಿಕೆ ಪೂರ್ತಿಯಾಗಲೆಂದು ಶಟರ್ ಕನ್ನಡಕಕ್ಕೂ ಗ್ರಾಹಕ ಕಟ್ಟಿ, ಗದ್ದದ ಸ್ಟ್ಯಾಂಡ್ ತೆಗೆದು ನೋಡಿದೆವು. ಮಾನಿಟರಿನ ಒಳಗಿನ ಲೋಹ, ಸುರುಳಿಗಳಿಂದಾಗಿ ಟ್ರ್ಯಾಕರ್ ನಡುಗಿತು. ನಡುಕ ತಗ್ಗಿಸಿದರೆ ಚಿತ್ರ ನಿಧಾನವಾಯಿತು. ನಮ್ಮ ಬಳಿ ಇದ್ದ ಸಾಮಾನಿನ ಮಟ್ಟಿಗೆ ಪ್ರಶ್ನೆ ತೀರ್ಮಾನವಾಗಿತ್ತು: ಈ ಕೆಲಸ ಕಲಿಸಲು ಸ್ಪಷ್ಟವಾದ ಚಿತ್ರಕ್ಕಿಂತ, ಎರಡು ಕಣ್ಣಿನ ಆಳಕ್ಕಿಂತ, ತಲೆಯ ಜೊತೆ ತಡವಿಲ್ಲದೆ ತಿರುಗುವ ಚಿತ್ರ ಮುಖ್ಯ.

ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು. ಪ್ರೊಫೆಸರರು ಚಾಚಾರನ್ನು ಕೂರಿಸಿಕೊಂಡು, "ನಾವು ನಿಮ್ಮ ಮೇಲೆ ಚಾಡಿ ಹೇಳುವುದಿಲ್ಲ. ಆದರೆ ಮುಚ್ಚಿಡುವುದೂ ಬೇಡ, ನೀವೇ ಹೇಳಿ" ಎಂದರು. ಚಾಚಾ ಎದ್ದು ಜೀಪಿನ ಕಡೆ ನಡೆದರು.

ಕಡೆಯ ದಿನ ಸಾವ್ಕಾರರು ಫಲಿತಾಂಶ ಕೇಳಲು ಬಂದರು. ಬಂದವರಿಗೆ ತಾವೂ ಬಾಸಿಂಗ ಕಟ್ಟಿಕೊಳ್ಳುವ ಆಸೆಯಾಯಿತು. ಹಾಕಿದೆ. ಅವರು ವಯಸ್ಸಿನಲ್ಲಿದ್ದಾಗ ಸ್ವತಃ ಡೆರಿಕ್ ನಡೆಸಿದವರು. ಮೊದಲ ಕಲ್ಲು ತಪ್ಪಿತು, ಆಮೇಲಿನದು ಸರಿಯಾಗಿ ಕೂತಿತು. ಮಗನ ಕಡೆಗೆ ಕೂಗಿ, "ನೋಡಲೇ, ಇನ್ನೂ ಕೈ ಮರತಿಲ್ಲ" ಎಂದು ಹೆಲ್ಮೆಟ್ ತೆಗೆದರು. ಮುಖದ ತುಂಬ ಸಂತೋಷ.

ಗೋಡೆಗೆ ಒರಗಿ ನಿಂತಿದ್ದ ಚಾಚಾ ಮುಂದೆ ಬಂದರು.

"ಸಾವ್ಕಾರ, ಈಗ ನೀವು ನೋಡಿದ್ದು ಒಂದ ಕಣ್ಣಿನ ಚಿತ್ರ. ಎರಡನೇದನ್ನ ಈ ಬೇಟಿ ತಗದಾಳ."

ಸಾವ್ಕಾರರು ನನ್ನ ಕಡೆ ನೋಡಿದರು. ಹೌದು ಎಂದೆ.

"ಗೊತ್ತಾತೇನ್ರೀ ನಿಮಗ?"

"ಇಲ್ಲ ಬಿಡಪಾ. ಗೊತ್ತಾಗಲಿಲ್ಲ."

"ನಾನೂ ನಿಮ್ಮ ಹತ್ರ ಇಷ್ಟು ವರ್ಷ ಹಂಗ ಮಾಡೀನಿ." ಚಾಚಾ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. "ಈಗ ನೀವು ನನಗ ಕಾಣವಲ್ರಿ."

ಸಾವ್ಕಾರರು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮಗ ಏನೋ ಹೇಳಲು ಬಾಯಿ ತೆರೆದ, ಅವರು ಕೈ ಎತ್ತಿ ತಡೆದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ, ಮಾನಿಟರಿನ ಮೇಲಿನ ಗೆರೆಗಳನ್ನೂ ನೋಡಲಿಲ್ಲ. "ನಾಳಿ ಮುಂಜಾನೆ ಕ್ವಾರಿಗೆ ಬಾ" ಎಂದಷ್ಟೇ ಹೇಳಿ ಎದ್ದುಹೋದರು.

ಮರುದಿನ ನಮ್ಮ ಸಾಮಾನೆಲ್ಲ ಲಾರಿಗೆ ಏರಬೇಕಿತ್ತು. ಪ್ರೊಫೆಸರರು ಲಾರಿಯವನನ್ನು ಕಾಯಲು ಹೇಳಿ, ನನ್ನನ್ನು ಕರೆದುಕೊಂಡು ಮಸ್ಕಿಯ ಕಡೆಗೆ ಹೊರಟರು. ನಾವು ಹೋಗುವಷ್ಟರಲ್ಲಿ ಚಾಚಾ ಡೆರಿಕ್ಕಿನ ಮೇಲೆ ಕೂತಿದ್ದರು. ಕೆಳಗೆ ಕೆಲಸದವರೆಲ್ಲ ಗುಂಪಾಗಿ ನಿಂತಿದ್ದರು. ಸಾವ್ಕಾರರು ಧೋತರದ ತುದಿ ಎತ್ತಿ ಸಿಕ್ಕಿಸಿಕೊಂಡು ಲಾರಿಯ ಸುತ್ತ ಒಂದು ಸುತ್ತು ಬಂದರು. ಮಗನನ್ನು ಕರೆದು, "ಹೊಸಾ ಕ್ರೇನ್ ಮ್ಯಾಲ ಆ ಇಬ್ಬರು ಪಾಳಿ ಮಾಡ್ಲಿ. ಡೆರಿಕ್ ಇಲ್ಲೇ ಇರ್ಲಿ, ಬಿಚ್ಚೂದು ಬ್ಯಾಡ" ಎಂದರು.

ಆಮೇಲೆ ಸಿಗ್ನಲಿನವನ ಕೈಯಿಂದ ಕೆಂಪು ಬಟ್ಟೆ ಇಸಿದುಕೊಂಡು, ಎಡಗಡೆ ನಿಂತಿದ್ದ ನಮ್ಮಿಬ್ಬರನ್ನೂ ಸರಿಯಿರಿ ಎಂದು ಕೈಯಾಡಿಸಿ, ತೂಗುವ ಕಲ್ಲನ್ನು ಬಳಸಿಕೊಂಡು ಹೋಗಿ, ಚಾಚಾರ ಬಲಗಡೆಗೆ ನಿಂತು ಬಟ್ಟೆ ಎತ್ತಿದರು.